ಸಿನಾರೆ: ತೆಲುಗು ಕವಿ, ಚಿತ್ರಗೀತಕಾರ ಸಿ. ನಾರಾಯಣರೆಡ್ಡಿಯವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೆಲುಗಿಗೆ ಎರಡನೆಯ ಜ್ಞಾನಪೀಠವನ್ನು ತಂದುಕೊಟ್ಟ ಕವಿ ಎಂದು ಸಿ. ನಾರಾಯಣರೆಡ್ಡಿಯವರನ್ನು ಕನ್ನಡದ ಸಾಹಿತ್ಯಾಸಕ್ತರು ಬಲ್ಲರು. ಹಳೆಯ ತೆಲುಗು ಚಿತ್ರಗೀತೆಗಳನ್ನು ಮೆಚ್ಚುವವರು ಅವರ ಹೆಸರನ್ನು ಅರಿಯದೆಯೇ ಅವರ ಸಾಲುಗಳನ್ನು ಗುನುಗಿದ್ದಾರೆ. ಈ ಎರಡು ಗುಂಪಿನವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

‘ಸಿನಾರೆ’ ಎಂಬ ಹೆಸರು ಎಲ್ಲಿಂದ ಬಂತು?

ಅವರ ಪೂರ್ಣ ಹೆಸರು ಸಿಂಗಿರೆಡ್ಡಿ ನಾರಾಯಣರೆಡ್ಡಿ. ಮನೆತನದ ಹೆಸರಾದ ಸಿಂಗಿರೆಡ್ಡಿಯಿಂದ ‘ಸಿ’, ನಾರಾಯಣದಿಂದ ‘ನಾ’, ರೆಡ್ಡಿಯಿಂದ ‘ರೆ’ ಸೇರಿ ‘ಸಿನಾರೆ’ ಆಯಿತು. ತೀನಂಶ್ರೀ, ಅನಕೃ, ಜಿಎಸ್ಸೆಸ್ ಎಂದು ಕರೆದು ರೂಢಿಯಿರುವ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವರು ಹುಟ್ಟಿದ್ದು 1931ರ ಜುಲೈ 29ರಂದು, ಅಂದಿನ ಕರೀಂನಗರ ಜಿಲ್ಲೆಯ ಹನುಮಾಜಿಪೇಟೆಯಲ್ಲಿ. ಆ ಹಳ್ಳಿ ಈಗ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಸೇರಿದೆ. ಅವರದು ಬೇಸಾಯದ ಮನೆತನ.

ಉರ್ದು ಮಾಧ್ಯಮದಲ್ಲಿ ಓದಿದವರು ತೆಲುಗು ಕವಿಯಾದದ್ದು ಹೇಗೆ?

ಈ ಪ್ರಶ್ನೆಯನ್ನು ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯರು ಕೇಳುವುದಿಲ್ಲ, ಏಕೆಂದರೆ ಅವರ ಮನೆಗಳಲ್ಲಿಯೂ ಇದೇ ಕಥೆ ನಡೆದಿದೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗಿನ ತೆಲಂಗಾಣ, ಮರಾಠಿಯ ಮರಾಠವಾಡ ಮತ್ತು ಕನ್ನಡದ ಮೂರು ಜಿಲ್ಲೆಗಳು ಒಂದೇ ಆಳ್ವಿಕೆಯಡಿ ಇದ್ದವು. ಆಡಳಿತ, ನ್ಯಾಯಾಲಯ, ಶಾಲೆ ಎಲ್ಲದರ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ಕೊಡುತ್ತಿತ್ತು. ಸಿರಿಸಿಲ್ಲ, ಕರೀಂನಗರಗಳ ಶಾಲೆಗಳಲ್ಲಿ ಹಾಗೂ ಮುಂದೆ ಹೈದರಾಬಾದಿನ ಕಾಲೇಜಿನಲ್ಲಿ ನಾರಾಯಣರೆಡ್ಡಿಯವರು ಕಲಿತದ್ದು ಆ ಭಾಷೆಯಲ್ಲಿ. ಕೊಪ್ಪಳದ ಕಡೆಯಿಂದ ಬಂದು ಉಸ್ಮಾನಿಯಾದಲ್ಲಿ ಓದಿ, ಮುಂದೆ ‘ಕಾವ್ಯಾನಂದ’ರಾದ ನಮ್ಮ ಸಿದ್ದಯ್ಯ ಪುರಾಣಿಕರೂ ಅದೇ ದಾರಿಯಲ್ಲಿ ನಡೆದವರು.

ಹಾಗಾದರೆ ತೆಲುಗು ಎಲ್ಲಿ ಸಿಕ್ಕಿತು? ಮೊದಲು ಕಿವಿಗೆ ಸಿಕ್ಕಿತು. ಹಳ್ಳಿಯಲ್ಲಿ ಹರಿಕಥೆ, ಜಂಗಮರ ಕಥೆ, ಜನಪದ ಹಾಡುಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ತಾಯಿನುಡಿಯ ಕಾವ್ಯ ಪಠ್ಯಪುಸ್ತಕದ ಮೂಲಕ ಬರಲಿಲ್ಲ. ಯಾರೋ ಎದುರಿಗೆ ನಿಂತು ಹಾಡಿದಾಗ ಬಂತು. ಪುಸ್ತಕಗಳು ಸಿಕ್ಕಿದ್ದು ಆಮೇಲೆ, ಹೈದರಾಬಾದಿನ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯದಲ್ಲಿ. 1901ರಲ್ಲಿ ಆರಂಭವಾದ ಆ ಗ್ರಂಥಾಲಯಕ್ಕೆ ನಮ್ಮ ಹಂಪಿಯ ದೊರೆಯ ಹೆಸರಿದೆ ಎಂಬುದು ಈ ಕಥೆಯೊಳಗಿನ ಒಂದು ಪುಟ್ಟ ಸಂತೋಷ. ಉರ್ದು ನಾಡಿನ ಹಗಲಿನ ಪಾಠ ಮುಗಿಸಿ ಬಂದ ತರುಣರು ಅಲ್ಲಿ ಕುಳಿತು ಕೃಷ್ಣಶಾಸ್ತ್ರಿ, ಜಾಷುವಾ, ಶ್ರೀಶ್ರೀ ಮೊದಲಾದ ಆಧುನಿಕ ತೆಲುಗು ಕವಿಗಳನ್ನು ಓದಿಕೊಳ್ಳುತ್ತಿದ್ದರು. ಮುಂದೆ ನಾರಾಯಣರೆಡ್ಡಿಯವರು ಉಸ್ಮಾನಿಯಾದಲ್ಲಿಯೇ ತೆಲುಗು ಎಂ.ಎ. ಮಾಡಿದರು, ಅಲ್ಲಿಯೇ ಪ್ರಾಧ್ಯಾಪಕರಾದರು.

ಉರ್ದುವಿನಿಂದ ಅವರಿಗೆ ನಷ್ಟವಾಯಿತೆಂದು ಭಾವಿಸುವುದು ತಪ್ಪು. ಶೇರ್ ಎಂಬ ಎರಡು ಸಾಲಿನ ಪದ್ಯವನ್ನು ಓದಿ, ಅರೆಕ್ಷಣ ತಡೆದು, ಸಭೆಯ ‘ವಾಹ್’ಗೆ ಕಾದು ಮತ್ತೆ ಮುಂದುವರಿಯುವ ಮುಷಾಯಿರಾದ, ಅಂದರೆ ಉರ್ದು ಕವಿಗೋಷ್ಠಿಯ, ಕಲೆ ಅವರ ತೆಲುಗು ಸಾಲುಗಳ ಕಟ್ಟಡದಲ್ಲಿಯೇ ಇದೆ. ಅಂತ್ಯಪ್ರಾಸದ ಮೇಲೆ ಅವರಿಗಿದ್ದ ಹಿಡಿತ, ಎರಡು ಸಾಲಿನಲ್ಲಿ ಒಂದು ಭಾವವನ್ನು ಮುಗಿಸಿ ಕೈಬಿಡುವ ಚುರುಕು, ಇವನ್ನು ಕರಾವಳಿ ಆಂಧ್ರದ ಅವರ ಸಮಕಾಲೀನರಲ್ಲಿ ಇದೇ ಪ್ರಮಾಣದಲ್ಲಿ ಕಾಣುವುದು ಕಷ್ಟ.

ಅವರ ಆರಂಭದ ಕಾವ್ಯಗಳು ಯಾವುವು? ‘ಗೇಯಕಾವ್ಯ’ ಎಂದರೇನು?

1953ರಲ್ಲಿ ‘ನವ್ವನಿ ಪುವ್ವು’ ಎಂಬ ಗೇಯನಾಟಕ ಮತ್ತು ‘ಜಲಪಾತಂ’ ಕವನ ಸಂಕಲನ ಬಂದವು. ಆದರೆ ಅವರನ್ನು ಮನೆಮಾತಾಗಿಸಿದ್ದು ‘ನಾಗಾರ್ಜುನಸಾಗರಂ’ (1955), ‘ಕರ್ಪೂರ ವಸಂತರಾಯಲು’ (1957) ಮತ್ತು ‘ವಿಶ್ವನಾಥ ನಾಯಕುಡು’ (1959) ಎಂಬ ಮೂರು ಕಥನಕಾವ್ಯಗಳು. ಇವುಗಳನ್ನು ಗೇಯಕಾವ್ಯ ಎನ್ನುತ್ತಾರೆ: ವೃತ್ತ, ಕಂದಗಳನ್ನು ಬಿಟ್ಟು, ಮಾತ್ರೆಗಳ ಲಯದಲ್ಲಿ, ಹಾಡಿಕೊಳ್ಳಲು ಬರುವಂತೆ ಹೇಳಿದ ಕಥೆ.

ಈ ಲಯದ ಬೇರು ಕನ್ನಡಿಗರಿಗೆ ಅಪರಿಚಿತವಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಗುರಜಾಡ ಅಪ್ಪಾರಾಯರು ‘ಮುತ್ಯಾಲ ಸರಾಲು’ ಎಂಬ ಹೊಸ ಮಟ್ಟನ್ನು ತೆಲುಗಿಗೆ ತಂದು ಮಾತ್ರಾ ಛಂದಸ್ಸಿಗೆ ದೊಡ್ಡ ದಾರಿ ತೆರೆದರು. ಅದರ ನಡೆ ಮೂರು ಮತ್ತು ನಾಲ್ಕು ಮಾತ್ರೆಗಳ ಸರದಿ, ಅಂದರೆ ನಮ್ಮ ಭಾಮಿನಿ ಷಟ್ಪದಿಯ ನಡೆಯೇ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ, ತೆಲುಗಿನ ಈ ಹೊಸಗಾಲದ ಗೇಯಗಳು ಅರ್ಥವಾಗುವ ಮೊದಲೇ ಕಿವಿಗೆ ಹತ್ತಿರವಾಗುತ್ತವೆ.

‘ನಾಗಾರ್ಜುನಸಾಗರಂ’ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಮತ್ತು ಅಲ್ಲಿನ ಬೌದ್ಧ ಪರಿಸರದ ಹಿನ್ನೆಲೆಯಲ್ಲಿ ಪ್ರೇಮ ಮತ್ತು ವೈರಾಗ್ಯಗಳ ತಾಕಲಾಟವನ್ನು ಹೇಳುತ್ತದೆ. ಕಾವ್ಯ ಹೊರಬಂದ 1955ರಲ್ಲಿಯೇ, ಡಿಸೆಂಬರ್ 10ರಂದು, ಕೃಷ್ಣಾ ನದಿಯ ಅದೇ ಕಣಿವೆಯಲ್ಲಿ ನೆಹರೂ ಅವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ಆ ಪ್ರಾಚೀನ ನೆಲೆ ನೀರಿನಡಿಗೆ ಹೋಯಿತು. ‘ಕರ್ಪೂರ ವಸಂತರಾಯಲು’ ಕೊಂಡವೀಡಿನ ರೆಡ್ಡಿ ದೊರೆ ಕುಮಾರಗಿರಿ ಮತ್ತು ನರ್ತಕಿ ಲಕುಮಾ ಅವರ ಕಥೆ. ದೊರೆ ಕಲೆಯಲ್ಲಿ ಮುಳುಗಿ ರಾಜ್ಯವನ್ನು ಮರೆಯುತ್ತಾನೆ. ಅವನನ್ನು ಎಚ್ಚರಿಸಲು ಲಕುಮಾ ತನ್ನನ್ನೇ ಬಲಿ ಕೊಟ್ಟುಕೊಳ್ಳುತ್ತಾಳೆ. ಮೂರರಲ್ಲಿ ಹೆಚ್ಚು ಓದಿಸಿಕೊಳ್ಳುವುದು ಇದೇ. ನರ್ತನದ ಭಾಗಗಳಲ್ಲಿ ಭಾಷೆಯೇ ಗೆಜ್ಜೆ ಕಟ್ಟಿಕೊಂಡು ಬರುತ್ತದೆ, ಕೆಲವೆಡೆ ಕಥೆಯನ್ನು ಹಿಂದಕ್ಕೆ ತಳ್ಳುವಷ್ಟು ಸದ್ದು ಮಾಡುತ್ತದೆ ಎಂದೂ ಹೇಳಬೇಕು. ‘ವಿಶ್ವನಾಥ ನಾಯಕುಡು’ ಕೃಷ್ಣದೇವರಾಯನ ಕಾಲದ್ದು: ಸ್ವಾಮಿನಿಷ್ಠೆಗಾಗಿ ಸ್ವಂತ ತಂದೆಯ ಮೇಲೆಯೇ ದಂಡೆತ್ತಿ ಹೋದ ಸೇನಾನಿಯ, ಮುಂದೆ ಮಧುರೆಯ ನಾಯಕ ಮನೆತನಕ್ಕೆ ಮೂಲಪುರುಷನಾದವನ ಕಥೆ.

ಸಂಶೋಧಕರಾಗಿ ಅವರ ಕೊಡುಗೆ ಏನು?

ಆಧುನಿಕ ತೆಲುಗು ಕಾವ್ಯದ ಸಂಪ್ರದಾಯಗಳು ಮತ್ತು ಪ್ರಯೋಗಗಳನ್ನು ಕುರಿತು ಅವರು ಬರೆದ ಮಹಾಪ್ರಬಂಧಕ್ಕೆ 1962ರಲ್ಲಿ ಪಿಎಚ್.ಡಿ. ದೊರೆಯಿತು. ಪುಸ್ತಕವಾಗಿ ಬಂದ ಮೇಲೆ ಅದು ತೆಲುಗು ವಿಭಾಗಗಳ ವಿದ್ಯಾರ್ಥಿಗಳು ತಪ್ಪದೆ ಓದುವ ಗ್ರಂಥವಾಯಿತು. ಪ್ರಯೋಗವೆಂಬುದು ಸಂಪ್ರದಾಯದ ಒಡಲಿನಿಂದಲೇ ಹುಟ್ಟುತ್ತದೆ ಎಂಬ ಅದರ ನಿಲುವನ್ನು ಅವರ ಸ್ವಂತ ಕವಿತೆಯ ಸಮರ್ಥನೆಯಾಗಿಯೂ ಓದಬಹುದು.

ಪ್ರಾಧ್ಯಾಪಕರು ಸಿನಿಮಾಕ್ಕೆ ಹೇಗೆ ಬಂದರು?

ಡಾಕ್ಟರೇಟ್ ಬಂದ 1962ರಲ್ಲಿಯೇ ಅವರ ಮೊದಲ ಚಿತ್ರವೂ ಬಂತು. ಎನ್.ಟಿ. ರಾಮರಾಯರು ತಮ್ಮ ನ್ಯಾಷನಲ್ ಆರ್ಟ್ ಥಿಯೇಟರ್ಸ್ ಸಂಸ್ಥೆಯಿಂದ ತಯಾರಾಗುತ್ತಿದ್ದ ‘ಗುಲೇಬಕಾವಳಿ ಕಥ’ ಚಿತ್ರಕ್ಕೆ ಹಾಡು ಬರೆಯಲು ಅವರನ್ನು ಮದರಾಸಿಗೆ ಕರೆಸಿಕೊಂಡರು. ಚಿತ್ರದ ಹಾಡುಗಳೆಲ್ಲವನ್ನೂ ಹೊಸಬರಾದ ನಾರಾಯಣರೆಡ್ಡಿಯವರೇ ಬರೆದರು. ಘಂಟಸಾಲ ಮತ್ತು ಎಸ್. ಜಾನಕಿ ಹಾಡಿದ ‘ನನ್ನು ದೋಚುಕುಂದುವಟೆ ವನ್ನೆಲ ದೊರಸಾನಿ’ ಆಗ ಊರೂರು ಸುತ್ತಿತು. ಇಂದಿಗೂ ಅವರ ಬಗ್ಗೆ ಮಾತು ಶುರುವಾದರೆ ಮೊದಲು ಬರುವುದು ಅದೇ ಹಾಡು. ‘ದೊರಸಾನಿ’ ಎಂದರೆ ದೊರೆಯ ಮನೆಯ ಒಡತಿ; ತೆಲಂಗಾಣದಲ್ಲಿ ‘ಗಡಿ’ ಎನ್ನುವ ಕೋಟೆಮನೆಗಳಲ್ಲಿ, ದೊರೆಗಳ ವಾಡೆಗಳಲ್ಲಿ ದಿನವೂ ಕೇಳಿಬರುತ್ತಿದ್ದ ಮಾತು. ಅದನ್ನು ಪ್ರೇಮಗೀತೆಯ ಸಂಬೋಧನೆಯಾಗಿ ಮಾಡಿಕೊಂಡದ್ದರಲ್ಲಿಯೇ ಹಾಡಿನ ಅರ್ಧ ಚೆಲುವಿದೆ.

ಚಿತ್ರಗಳು ಆಗ ತಯಾರಾಗುತ್ತಿದ್ದುದು ಮದರಾಸಿನಲ್ಲಿ, ಅವರ ಪಾಠವಿದ್ದದ್ದು ಹೈದರಾಬಾದಿನಲ್ಲಿ. ಆದರೂ ಅವರು ಅಧ್ಯಾಪಕ ವೃತ್ತಿಯನ್ನು ಬಿಡಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತ ಚಿತ್ರಗೀತೆ ಬರೆದ ದೊಡ್ಡರಂಗೇಗೌಡರನ್ನು ನೆನೆದರೆ ಕನ್ನಡಿಗರಿಗೆ ಈ ಜೋಡಿ ಬದುಕಿನ ಕಲ್ಪನೆ ಬಂದೀತು.

ಅವರು ಬರೆದ ಪ್ರಸಿದ್ಧ ಹಾಡುಗಳು ಯಾವುವು?

ಒಟ್ಟು ಸಂಖ್ಯೆ ಮೂರು ಸಾವಿರ ದಾಟುತ್ತದೆ. ಆದ್ದರಿಂದ ಇಲ್ಲಿ ಕೆಲವನ್ನು ಮಾತ್ರ, ಅದೂ ಅವರ ಹರವನ್ನು ತೋರಿಸುವಂಥವನ್ನು, ಹೆಸರಿಸಬಹುದು. ‘ಪೂಜಾ ಫಲಂ’ (1964) ಚಿತ್ರಕ್ಕಾಗಿ ಸಾಲೂರಿ ರಾಜೇಶ್ವರರಾಯರ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ‘ಪಗಲೇ ವೆನ್ನೆಲ’ ಶುದ್ಧ ಭಾವಗೀತೆ. ‘ತೂರ್ಪು ಪಡಮರ’ (1976) ಚಿತ್ರದ ‘ಶಿವರಂಜನೀ ನವರಾಗಿಣೀ’ ಸಂಸ್ಕೃತ ಸಮಾಸಗಳ ಹೊಳೆ; ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯಲ್ಲಿ ಆ ಸಮಾಸಗಳ ಭಾರ ಗೊತ್ತೇ ಆಗುವುದಿಲ್ಲ. ‘ಸ್ವಾತಿ ಮುತ್ಯಂ’ (1986) ಚಿತ್ರದ ‘ವಟಪತ್ರಸಾಯಿಕಿ ವರಹಾಲ ಲಾಲಿ’ ಇನ್ನೊಂದು ತುದಿಯದು: ಮನೆಯ ಹೆಂಗಸರು ತಲೆಮಾರುಗಳಿಂದ ಹಾಡುತ್ತ ಬಂದ ಲಾಲಿಯೋ ಎಂಬ ಭ್ರಮೆ ಹುಟ್ಟಿಸುವಷ್ಟು ಸರಳ, ಸಹಜ. ಹೊಸದಾಗಿ ಬರೆದದ್ದು ಹಳೆಯದೆನಿಸುವಂತೆ ಮಾಡುವುದು ಸಮಾಸ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

‘ಅಲ್ಲೂರಿ ಸೀತಾರಾಮರಾಜು’ (1974) ಚಿತ್ರವನ್ನು ಬೇರೆಯೇ ಕಾರಣಕ್ಕೆ ನೆನೆಯಬೇಕು. ಅದರಲ್ಲಿ ಶ್ರೀಶ್ರೀಯವರ ‘ತೆಲುಗು ವೀರ ಲೇವರಾ’ ಇದೆ, ರಾಷ್ಟ್ರಪ್ರಶಸ್ತಿ ಪಡೆದ ಹಾಡು; ಅದೇ ಚಿತ್ರದಲ್ಲಿ ಸಿನಾರೆಯವರ ‘ವಸ್ತಾಡು ನಾ ರಾಜು’ ಇದೆ. ಒಂದು ಕಾಡಿನ ಹೋರಾಟಗಾರರನ್ನು ಎಬ್ಬಿಸುವ ಕೂಗು, ಇನ್ನೊಂದು ದಾರಿ ಕಾಯುವ ಹೆಣ್ಣಿನ ಮೆಲುದನಿ. ತೆಲುಗಿನ ಇಬ್ಬರು ದೊಡ್ಡ ಕವಿಗಳು ಒಂದೇ ಚಿತ್ರದಲ್ಲಿ ತಮ್ಮ ತಮ್ಮ ಸ್ವಭಾವಕ್ಕೆ ಒಪ್ಪುವ ಸಂದರ್ಭಗಳನ್ನು ಹಂಚಿಕೊಂಡಂತೆ ಇದು ಕಾಣುತ್ತದೆ.

ಸಂಭಾಷಣೆಯನ್ನೂ ಅವರು ಬರೆದಿದ್ದಾರೆ. ವಿಶ್ವನಾಥ ಸತ್ಯನಾರಾಯಣರ ಕಾದಂಬರಿಯನ್ನು ಆಧರಿಸಿದ ‘ಏಕವೀರ’ (1969) ಚಿತ್ರದ ಮಾತುಗಳು ಅವರವು. ತೆಲುಗಿನ ಮೊದಲ ಜ್ಞಾನಪೀಠದ ಲೇಖಕರ ಕಥೆಗೆ ಎರಡನೆಯ ಜ್ಞಾನಪೀಠದ ಕವಿ ಮಾತು ಬರೆದರು; ಆಗ ಇಬ್ಬರಿಗೂ ಆ ಪ್ರಶಸ್ತಿ ಬಂದಿರಲಿಲ್ಲ.

ಕನ್ನಡ ಚಿತ್ರರಂಗಕ್ಕೂ ಅವರಿಗೂ ಸಂಬಂಧವಿದೆಯೇ?

ನೇರವಲ್ಲದ, ಆದರೆ ಮರೆಯಬಾರದ ಒಂದು ಸಂಬಂಧವಿದೆ. ಬಿ.ಎಸ್. ರಂಗಾ ಅವರು 1964ರಲ್ಲಿ ಶಿಲ್ಪಿ ಜಕಣಾಚಾರಿಯ ಐತಿಹ್ಯವನ್ನು ಎರಡೂ ಭಾಷೆಗಳಲ್ಲಿ ಚಿತ್ರವಾಗಿಸಿದರು. ಕಲ್ಯಾಣ್‌ಕುಮಾರ್ ಮತ್ತು ಬಿ. ಸರೋಜಾದೇವಿ ಅಭಿನಯಿಸಿದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೆಂದು ನಮ್ಮ ಚಿತ್ರ ಇತಿಹಾಸದಲ್ಲಿ ದಾಖಲಾಗಿದೆ. ತೆಲುಗಿನ ‘ಅಮರಶಿಲ್ಪಿ ಜಕ್ಕನ್ನ’ದಲ್ಲಿ ಅಕ್ಕಿನೇನಿ ನಾಗೇಶ್ವರರಾಯರು ಶಿಲ್ಪಿ. ಆ ತೆಲುಗು ಚಿತ್ರಕ್ಕೆ ಸಿನಾರೆಯವರು ಬರೆದ, ಘಂಟಸಾಲ ಹಾಡಿದ ‘ಈ ನಲ್ಲನಿ ರಾಲಲೋ’ ಎಂಬ ಹಾಡು, ಈ ಕಪ್ಪು ಕಲ್ಲುಗಳಲ್ಲಿ ಯಾವ ಕಣ್ಣುಗಳು ಅಡಗಿವೆಯೋ, ಬಂಡೆಗಳ ಮರೆಯಲ್ಲಿ ಯಾವ ಎದೆಗಳು ಮಿಡಿಯುತ್ತಿವೆಯೋ ಎಂದು ಶಿಲ್ಪಿ ತನ್ನೊಳಗೇ ಕೇಳಿಕೊಳ್ಳುವ ಹಾಡು. ಬೇಲೂರು, ಹಳೇಬೀಡುಗಳ ಬಳಪದ ಕಲ್ಲನ್ನು ಕುರಿತು ಕನ್ನಡದ ಹೊರಗೆ ಬಂದ ಸಾಲುಗಳಲ್ಲಿ ಇವಕ್ಕೆ ಸಮನಾದವು ಈ ಲೇಖಕನಿಗೆ ಸಿಕ್ಕಿಲ್ಲ. ಚಿತ್ರದ ಸಂದರ್ಭವನ್ನು ತೆಗೆದುಹಾಕಿ ಬಿಡಿ ಕವಿತೆಯಾಗಿ ಓದಿದರೂ ಅದು ನಿಲ್ಲುತ್ತದೆ.

ಸಿನಿಮಾಕ್ಕೆ ಬರೆದದ್ದರಿಂದ ಅವರ ಕವಿತೆ ಸೊರಗಿತು ಎಂಬ ಟೀಕೆ ಸರಿಯೇ?

ಈ ಟೀಕೆ ಅವರ ಜೀವಿತಕಾಲದುದ್ದಕ್ಕೂ ಇತ್ತು. ಅದರಲ್ಲಿ ಒಂದಂಶ ನಿಜ: ಬಲು ಸಲೀಸಾಗಿ ಬರುವ ಪ್ರಾಸ ಕೆಲವೊಮ್ಮೆ ಯೋಚನೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಚಪ್ಪಾಳೆಗೆ ಕಾದಿರುವ ಸಾಲುಗಳು ಅವರ ಸಂಕಲನಗಳಲ್ಲಿ ಕಡಿಮೆಯೇನಿಲ್ಲ. ಆದರೆ ಆ ಗುಣ ಸಿನಿಮಾದಿಂದ ಬಂತು ಎನ್ನುವುದು ಒಪ್ಪುವ ಮಾತಲ್ಲ. ಚಿತ್ರರಂಗಕ್ಕೆ ಕಾಲಿಡುವ ಮೊದಲೇ ಬರೆದ ‘ಕರ್ಪೂರ ವಸಂತರಾಯಲು’ವಿನಲ್ಲಿ ಅದು ಪೂರ್ತಿಯಾಗಿ ಇದೆ. ಹರಿಕಥೆ ಕೇಳಿ ಬೆಳೆದವರಿಗೆ, ಮುಷಾಯಿರಾದ ಊರಿನಲ್ಲಿ ಕವಿಯಾದವರಿಗೆ, ಎದುರಿಗೆ ಕುಳಿತ ಕೇಳುಗರಿಲ್ಲದ ಕವಿತೆ ಎಂಬುದೇ ಅಪರಿಚಿತ. ಅವರ ಚಿತ್ರಗೀತೆ ಮತ್ತು ಕಾವ್ಯ ಎರಡಕ್ಕೂ ಬಾವಿ ಒಂದೇ. ಹಗ್ಗ ಮಾತ್ರ ಬೇರೆ.

ಎಡಪಂಥೀಯ ವಿಮರ್ಶಕರ ಆಕ್ಷೇಪ ಬೇರೆಯದು. 1970ರಲ್ಲಿ ಶ್ರೀಶ್ರೀಯವರ ಅಧ್ಯಕ್ಷತೆಯಲ್ಲಿ ವಿಪ್ಲವ (ಕ್ರಾಂತಿಕಾರಿ) ಲೇಖಕರ ಸಂಘ ಹುಟ್ಟಿ, ತೆಲುಗು ಸಾಹಿತ್ಯ ನೀನು ಯಾವ ಕಡೆ ಎಂದು ಪ್ರತಿ ಕವಿಯನ್ನೂ ಕೇಳುತ್ತಿದ್ದ ಕಾಲದಲ್ಲಿ, ಸಿನಾರೆ ‘ಮನುಷ್ಯ’ ಎಂಬ ವಿಶಾಲ ಪದದಡಿ ನಿಂತರು. ಅದೇ ವರ್ಷ ಬಂದ ‘ಮಂಟಲು ಮಾನವುಡು’ ಸಂಕಲನಕ್ಕೆ 1973ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹೆಸರಿನಲ್ಲಿ ಬೆಂಕಿಯ ಜ್ವಾಲೆಗಳಿದ್ದರೂ ಅದು ಬಂಡಾಯದ ಸಂಕಲನವಲ್ಲ. ಕೋಪವನ್ನು ಮಾನವಪ್ರೀತಿಯಾಗಿ ಬದಲಿಸಿಕೊಳ್ಳುವ ಮಧ್ಯಮಮಾರ್ಗಿಯದು.

‘ವಿಶ್ವಂಭರ’ದಲ್ಲಿ ಏನಿದೆ?

1980ರಲ್ಲಿ ಪ್ರಕಟವಾದ ‘ವಿಶ್ವಂಭರ’ ದೀರ್ಘ ಕಾವ್ಯ. ತೆಲುಗಿನವರು ಇದನ್ನು ‘ವಚನ ಕವಿತೆ’ ಎನ್ನುತ್ತಾರೆ. ಆ ಪದ ಕಂಡು ಕನ್ನಡಿಗರು ಬಸವಣ್ಣ, ಅಲ್ಲಮರನ್ನು ನೆನೆಯಬಾರದು. ತೆಲುಗಿನಲ್ಲಿ ಅದರ ಅರ್ಥ ನಾವು ಮುಕ್ತಛಂದ ಎನ್ನುವುದೇ. ಗೇಯಗಳಿಂದ ಹೆಸರಾದ ಕವಿ ತನ್ನ ಹಿರಿಯ ಕೃತಿಗೆ ಗೇಯವನ್ನು ಬಿಟ್ಟುಕೊಟ್ಟದ್ದು ಗಮನಿಸಬೇಕಾದ ಸಂಗತಿ, ಆದರೆ ಜೋರಾಗಿ ಓದಿದರೆ ಹಳೆಯ ಲಯ ಒಳಗಿನಿಂದ ಕೇಳಿಸುತ್ತಲೇ ಇರುತ್ತದೆ.

ಕಾವ್ಯದ ನಾಯಕ ಮಾನವ, ರಂಗಸ್ಥಳ ಈ ಭೂಮಿ, ಹಿನ್ನೆಲೆ ಪ್ರಕೃತಿ ಎಂದು ಕವಿಯೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ತಾರೀಖುಗಳ ಹಂಗಿಲ್ಲದ, ಹೆಸರುಗಳ ಅಗತ್ಯವಿಲ್ಲದ ಮನುಷ್ಯನ ಕಥೆ ಇದು. ಮಣ್ಣಿನಿಂದೆದ್ದ ಮನುಷ್ಯ ಕಲೆ, ವಿಜ್ಞಾನ, ಅಧ್ಯಾತ್ಮ ಎಂಬ ಮೂರು ಹುಡುಕಾಟಗಳಲ್ಲಿ ನಡೆಯುತ್ತಾನೆ, ಎಡವುತ್ತಾನೆ, ಮತ್ತೆ ಏಳುತ್ತಾನೆ. ಬುದ್ಧ, ಸಾಕ್ರೆಟಿಸ್, ಅಲೆಕ್ಸಾಂಡರ್, ಅಶೋಕ, ಕ್ರಿಸ್ತ, ಲಿಂಕನ್, ಮಾರ್ಕ್ಸ್, ಲೆನಿನ್, ಗಾಂಧಿ ಮುಂತಾದವರು ಆ ಒಬ್ಬನೇ ಮನುಷ್ಯ ಆಯಾ ಕಾಲದಲ್ಲಿ ತಳೆದ ವೇಷಗಳಾಗಿ ಬಂದು ಹೋಗುತ್ತಾರೆ. ಅಲೆಕ್ಸಾಂಡರನ ದಂಡಯಾತ್ರೆಯೂ ಬುದ್ಧನ ನಿಷ್ಕ್ರಮಣವೂ ಒಂದೇ ಜೀವದ ಎರಡು ಚಲನೆಗಳು ಎಂಬುದು ಕಾವ್ಯದ ದಿಟ್ಟ ಕಲ್ಪನೆ. ವ್ಯಕ್ತಿಗಳ ಹೆಸರನ್ನು ಅಳಿಸಿದಾಗ ಅವರವರ ತಪ್ಪು ಒಪ್ಪುಗಳೂ ಅಳಿಸಿಹೋಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಓದುಗ ಕೇಳಬಹುದು. ಅದಕ್ಕೆ ಕಾವ್ಯ ನೇರವಾಗಿ ಉತ್ತರಿಸುವುದಿಲ್ಲ.

ಜ್ಞಾನಪೀಠ ಬಂದದ್ದು ‘ವಿಶ್ವಂಭರ’ಕ್ಕೋ?

ಜನರ ಬಾಯಲ್ಲಿ ಹಾಗೆಯೇ ಇದೆ. 1988ನೇ ಸಾಲಿನ ಪ್ರಶಸ್ತಿ ಅವರದು. ಆದರೆ 1982ರಿಂದ ಈಚೆಗೆ ಜ್ಞಾನಪೀಠವನ್ನು ಒಂದೇ ಕೃತಿಗೆ ಕೊಡದೆ ಲೇಖಕರ ಒಟ್ಟು ಸಾಧನೆಯನ್ನು ಗಮನಿಸಿ ಕೊಡಲಾಗುತ್ತಿದೆ. ಮಾಸ್ತಿಯವರ ಹೆಸರಿಗೆ ‘ಚಿಕವೀರ ರಾಜೇಂದ್ರ’, ಗೋಕಾಕರ ಹೆಸರಿಗೆ ‘ಭಾರತ ಸಿಂಧು ರಶ್ಮಿ’ ಅಂಟಿಕೊಂಡಂತೆ ಸಿನಾರೆಯವರಿಗೆ ‘ವಿಶ್ವಂಭರ’ ಅಂಟಿಕೊಂಡಿದೆ. ಅವರಿಗೆ ಮೊದಲು 1970ರಲ್ಲಿ ವಿಶ್ವನಾಥ ಸತ್ಯನಾರಾಯಣರು, ನಂತರ 2012ನೇ ಸಾಲಿಗೆ ರಾವೂರಿ ಭರದ್ವಾಜರು ತೆಲುಗಿನಿಂದ ಈ ಗೌರವ ಪಡೆದರು.

ತೆಲುಗು ಗಜಲ್‌ಗೂ ಅವರಿಗೂ ಏನು ನಂಟು?

ತೆಲುಗಿನಲ್ಲಿ ಗಜಲನ್ನು ಮೊದಲಿಗೆ ತಂದ ಹೆಸರು ಕವಿ ದಾಶರಥಿಯವರದು. ಅದನ್ನು ಸಭೆಗಳಿಗೆ ಒಯ್ದು, ತಾವೇ ದನಿಯೆತ್ತಿ ಹಾಡಿ, ಜನ ಕಾದು ಕೂತು ಕೇಳುವಂತೆ ಮಾಡಿದವರು ಸಿನಾರೆ. ಕಾಫಿಯಾ (ಪ್ರಾಸ), ರದೀಫ್ (ಪ್ರಾಸದ ನಂತರ ಮರಳಿ ಬರುವ ಪದ) ಎಂಬ ಕಟ್ಟನ್ನು ಅವರು ಸಡಿಲಿಸಲಿಲ್ಲ, ಆದರೆ ವಸ್ತುವನ್ನು ವಿರಹ, ಮಧುಪಾತ್ರೆಗಳಿಂದ ಈಚೆಗೆ ತಂದು ಊರು, ತಾಯಿ, ಸ್ನೇಹ, ನೀತಿಗಳ ಕಡೆಗೆ ತಿರುಗಿಸಿದರು. ಕನ್ನಡದಲ್ಲಿ ಗಜಲನ್ನು ನೆಲೆಗೊಳಿಸಿದ ಶಾಂತರಸರು ರಾಯಚೂರಿನವರು ಎಂಬುದನ್ನು ಇಲ್ಲಿ ಜೋಡಿಸಿ ನೋಡಬೇಕು. ಒಂದೇ ಸಂಸ್ಥಾನದ ಉರ್ದು ನೆಲ ಎರಡು ದ್ರಾವಿಡ ಭಾಷೆಗಳಲ್ಲಿ ಒಂದೇ ಹೂವನ್ನು ಬೇರೆ ಬೇರೆ ಬಣ್ಣದಲ್ಲಿ ಅರಳಿಸಿತು. ಈ ಹೋಲಿಕೆಯ ಮೇಲೆ ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಯಾರಾದರೂ ಕುಳಿತು ಕೆಲಸ ಮಾಡಿದರೆ ಒಳ್ಳೆಯ ಪುಸ್ತಕವೊಂದು ಬಂದೀತು.

‘ತೆಲುಗು ಜಾತಿ ಮನದಿ’ ಹಾಡು ಏಕೆ ವಿವಾದಕ್ಕೆ ಒಳಗಾಯಿತು?

1969ರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ದೊಡ್ಡ ಚಳವಳಿ ನಡೆದು ಅನೇಕ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಮರುವರ್ಷ ಬಂದ ‘ತಲ್ಲಾ? ಪೆಳ್ಳಾಮಾ?’ ಚಿತ್ರಕ್ಕೆ ಸಿನಾರೆ ಬರೆದ ಈ ಹಾಡು ತೆಲಂಗಾಣ, ರಾಯಲಸೀಮ, ಸರ್ಕಾರು (ಕರಾವಳಿ ಆಂಧ್ರ) ಸೀಮೆಗಳನ್ನು ಒಂದೊಂದಾಗಿ ಹೆಸರಿಸಿ ಎಲ್ಲವೂ ನನ್ನದೇ ಎನ್ನುತ್ತದೆ. ಅಖಂಡತೆಯನ್ನು ಬಯಸಿದವರಿಗೆ ಅದು ನಾಡಗೀತೆಯಷ್ಟು ಪ್ರಿಯವಾಯಿತು. ಪ್ರತ್ಯೇಕತೆಯನ್ನು ಬಯಸಿದವರಿಗೆ ತಮ್ಮದೇ ಮಣ್ಣಿನ ಕವಿಯ ಆ ಸಾಲುಗಳು ನೋವು ತಂದವು. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. ಮೂರು ವರ್ಷಗಳ ಬಳಿಕ ಅದೇ ರಾಜ್ಯ ಕವಿಯ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನೆರವೇರಿಸಿತು.

ಅವರು ವಹಿಸಿದ ಹುದ್ದೆಗಳು, ಪಡೆದ ಇತರ ಗೌರವಗಳು ಯಾವುವು?

ಹೈದರಾಬಾದಿನ ಮುಕ್ತ ವಿಶ್ವವಿದ್ಯಾಲಯ ಮತ್ತು ತೆಲುಗು ವಿಶ್ವವಿದ್ಯಾಲಯ ಎರಡಕ್ಕೂ ಕುಲಪತಿಯಾಗಿದ್ದರು. 1977ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂದವು. 1997ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ತಮ್ಮ ದಿವಂಗತ ಪತ್ನಿಯ ಹೆಸರಿನಲ್ಲಿ ಲೇಖಕಿಯರಿಗಾಗಿ ಒಂದು ಪ್ರಶಸ್ತಿ ಸ್ಥಾಪಿಸಿದರು. ಹೆಣ್ಣುಮಕ್ಕಳಿಗೆಲ್ಲ ನದಿಗಳ ಹೆಸರಿಟ್ಟಿದ್ದರು. ಪ್ರತಿ ಹುಟ್ಟುಹಬ್ಬದಂದು, ಅಂದರೆ ಜುಲೈ 29ರಂದು, ಹೊಸ ಪುಸ್ತಕವೊಂದನ್ನು ಬಿಡುಗಡೆ ಮಾಡುವ ಪದ್ಧತಿಯನ್ನು ಬಹುಕಾಲ ಪಾಲಿಸಿದರು. 2017ರ ಜೂನ್ 12ರಂದು, 85ರ ವಯಸ್ಸಿನಲ್ಲಿ, ಹೈದರಾಬಾದಿನಲ್ಲಿ ನಿಧನರಾದರು.

ತೆಲುಗು ಬಾರದ ಕನ್ನಡಿಗರು ಅವರನ್ನು ಎಲ್ಲಿಂದ ಓದತೊಡಗಬೇಕು?

ಓದುವುದಕ್ಕಿಂತ ಮೊದಲು ಕೇಳಬೇಕು. ‘ಈ ನಲ್ಲನಿ ರಾಲಲೋ’ ಹಾಡನ್ನು ಎರಡು ಮೂರು ಬಾರಿ ಕೇಳಿದರೆ ಹೆಚ್ಚಿನ ಪದಗಳು ತಾವಾಗಿಯೇ ತಿಳಿಯುತ್ತವೆ: ತೆಲುಗಿನ ‘ಕನ್ನು’ ನಮ್ಮ ಕಣ್ಣು, ‘ಬಂಡ’ ನಮ್ಮ ಬಂಡೆ, ‘ಗುಂಡೆ’ ನಮ್ಮ ಗುಂಡಿಗೆ. ಲಿಪಿಯೂ ಹತ್ತಿರದ್ದು, ತಲೆಕಟ್ಟಿನ ವ್ಯತ್ಯಾಸವನ್ನೂ ಬೇರೆ ಆಕಾರದ ಕೆಲವು ಅಕ್ಷರಗಳನ್ನೂ ಗುರುತಿಟ್ಟುಕೊಂಡರೆ ಕನ್ನಡ ಬಲ್ಲವರು ಕೆಲವೇ ವಾರಗಳಲ್ಲಿ ತಡವರಿಸುತ್ತಲಾದರೂ ಓದಬಲ್ಲರು. ಆಮೇಲೆ ‘ಕರ್ಪೂರ ವಸಂತರಾಯಲು’ವಿನ ನರ್ತನದ ಭಾಗವನ್ನು ಎತ್ತಿಕೊಳ್ಳಬಹುದು, ಆದರೆ ಮನಸ್ಸಿನಲ್ಲಿ ಓದಿಕೊಳ್ಳದೆ, ಬಾಗಿಲು ಮುಚ್ಚಿಕೊಂಡಾದರೂ ಸರಿ, ಗಟ್ಟಿಯಾಗಿ ಓದಬೇಕು. ‘ವಿಶ್ವಂಭರ’ ಕೊನೆಗಿರಲಿ.